ಅನುದಾನದ ಅರ್ಜಿಗೆ ಮುನ್ನ ಎಣಿಸಬೇಕಾದ ಜನ

ಸಣ್ಣ ಕೈಗಾರಿಕೆಗಳ ಗುಂಪೊಂದು ಸರ್ಕಾರದ ಅನುದಾನಕ್ಕೆ ಅರ್ಜಿ ಸಲ್ಲಿಸುವ ಕ್ರಮ ಬಹುತೇಕ ಕೈಗಾರಿಕಾ ವಸಾಹತುಗಳಲ್ಲಿ ಒಂದೇ ಬಗೆಯದು. ಯೋಜನೆಯೊಂದರ ಸುದ್ದಿ ಬರುತ್ತದೆ. ಸಂಘದ ಪದಾಧಿಕಾರಿಗಳು ಸಭೆ ಸೇರುತ್ತಾರೆ. ಸಲಹೆಗಾರರೊಬ್ಬರನ್ನು ಗೊತ್ತುಮಾಡಲಾಗುತ್ತದೆ. ಅವರು ಯಂತ್ರಗಳ ಪಟ್ಟಿ, ದರಪಟ್ಟಿ, ಕಟ್ಟಡದ ನಕ್ಷೆ, ಮುಂದಿನ ವರ್ಷಗಳ ಲಾಭ-ನಷ್ಟದ ಅಂದಾಜುಗಳನ್ನು ಜೋಡಿಸಿ ದಪ್ಪನೆಯ ವರದಿಯೊಂದನ್ನು ಸಿದ್ಧಪಡಿಸುತ್ತಾರೆ. ಕೊನೆಯ ದಿನಾಂಕಕ್ಕೆ ಒಂದು ವಾರವಿರುವಾಗ ‘ಯೋಜನೆಯ ಭಾಗೀದಾರರು’ ಎಂಬ ತಲೆಬರಹದ ಪುಟ ಖಾಲಿ ಉಳಿದಿರುವುದು ಕಣ್ಣಿಗೆ ಬೀಳುತ್ತದೆ. ಆಗ ಪದಾಧಿಕಾರಿಗಳು ಶಾಸಕರ ಕಚೇರಿ, ನಗರಸಭೆ, ಪಾಲಿಟೆಕ್ನಿಕ್, ವಾಣಿಜ್ಯ ಮಂಡಳಿಗಳನ್ನು ಸುತ್ತಿ, ಒಂದೇ ಒಕ್ಕಣೆಯ ಆರೇಳು ಬೆಂಬಲ ಪತ್ರಗಳನ್ನು ಸಂಗ್ರಹಿಸಿ ಲಗತ್ತಿಸುತ್ತಾರೆ. ಅಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ.

ಈ ಕ್ರಮ ತಲೆಕೆಳಗಾದುದು. ಕೊನೆಯ ವಾರದಲ್ಲಿ ತುಂಬುವ ಆ ಪುಟವೇ ಮೊದಲ ವಾರದಲ್ಲಿ ಬರೆಯಬೇಕಾದ ಪುಟ. ಯಾರ ಹಿತ ಯೋಜನೆಗೆ ಕಟ್ಟುಬಿದ್ದಿದೆ, ಯಾರು ಅದನ್ನು ನಡೆಸಬಲ್ಲರು, ಯಾರು ತಡೆಯಬಲ್ಲರು ಎಂಬುದನ್ನು ಮೊದಲೇ ಎಣಿಸದ ಪ್ರಸ್ತಾವನೆ ಎರಡು ರೀತಿಯಲ್ಲಿ ಸೋಲಬಹುದು. ಮೊದಲನೆಯದು, ಮಂಜೂರಾತಿಯೇ ದೊರೆಯದೆ ಹೋಗುವುದು. ಎರಡನೆಯದು ಇದಕ್ಕಿಂತ ದುಬಾರಿಯಾದದ್ದು. ಮಂಜೂರಾತಿ ದೊರೆತು, ಕಟ್ಟಡ ಎದ್ದು, ಯಂತ್ರಗಳೂ ಬಂದು, ಕಡೆಗೆ ಉದ್ಘಾಟನೆಯ ಫಲಕದ ಕೆಳಗಿನ ಬಾಗಿಲಿಗೆ ಬೀಗ ಬೀಳುವುದು. ಮೊದಲನೆಯ ಸೋಲಿನಲ್ಲಿ ಸಲಹೆಗಾರರ ಶುಲ್ಕವಷ್ಟೇ ನಷ್ಟ. ಎರಡನೆಯದರಲ್ಲಿ ಸದಸ್ಯ ಘಟಕಗಳು ಹೂಡಿದ ಹಣ, ಬ್ಯಾಂಕಿನ ಸಾಲ, ಸಾರ್ವಜನಿಕರ ತೆರಿಗೆಯ ದುಡ್ಡು ಮತ್ತು ಇನ್ನೊಮ್ಮೆ ಒಗ್ಗೂಡಬೇಕೆಂಬ ಉತ್ಸಾಹ ಇವೆಲ್ಲವೂ ನಷ್ಟವೇ.

ಪಾಲುದಾರರೂ ಭಾಗೀದಾರರೂ

ವ್ಯಾಪಾರಸ್ಥರಿಗೆ ‘ಪಾಲುದಾರ’ ಎಂಬ ಶಬ್ದ ಹೊಸತಲ್ಲ. ಬಂಡವಾಳ ಹೂಡಿ, ಪತ್ರಕ್ಕೆ ಸಹಿ ಹಾಕಿ, ಲಾಭ-ನಷ್ಟಗಳಲ್ಲಿ ಪಾಲು ಪಡೆಯುವವನು ಪಾಲುದಾರ. ‘ಭಾಗೀದಾರ’ ಎಂಬುದರ ಅರ್ಥ ಇದಕ್ಕಿಂತ ವಿಶಾಲವಾದುದು. ಒಂದು ಉದ್ಯಮದ ನಡೆಯಿಂದ ಯಾರಿಗೆ ಒಳಿತು-ಕೆಡುಕು ಆಗುವುದೋ, ಯಾರ ನಡೆಯಿಂದ ಆ ಉದ್ಯಮಕ್ಕೆ ಒಳಿತು-ಕೆಡುಕು ಆಗುವುದೋ ಅವರೆಲ್ಲರೂ ಭಾಗೀದಾರರೇ. ಅವರು ಹಣ ಹೂಡಿರಬೇಕೆಂದೇನೂ ಇಲ್ಲ. ಅಮೆರಿಕದ ವಿದ್ವಾಂಸ ಆರ್. ಎಡ್ವರ್ಡ್ ಫ್ರೀಮನ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಚಾರ ಆಡಳಿತಶಾಸ್ತ್ರದಲ್ಲಿ ನೆಲೆಯೂರಿತು. ಆದರೆ ಕೆರೆಯ ನೀರನ್ನು ಬಿಡುವಾಗ ತೂಬಿನ ಬಳಿಯ ಗದ್ದೆಯವನನ್ನು ಮಾತ್ರವಲ್ಲದೆ ಕಾಲುವೆಯ ಕಟ್ಟಕಡೆಯ ಗದ್ದೆಯವನನ್ನೂ ಎಣಿಸಬೇಕಾಗಿದ್ದ ಹಳ್ಳಿಯ ನೀರುಗಂಟಿಗೆ ಇದು ಗ್ರಂಥದ ನೆರವಿಲ್ಲದೆಯೇ ತಿಳಿದಿದ್ದ ಸಂಗತಿ.

ಸಣ್ಣ ಉದ್ಯಮಗಳಿಗೆ ಈ ಪ್ರಶ್ನೆ ನೇರವಾಗಿ ಎದುರಾಗುವುದು ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ. ಸಣ್ಣ ಉದ್ಯಮಗಳನ್ನು ಕುರಿತ ಆಬಿದ್ ಹುಸೇನ್ ಸಮಿತಿ 1997ರಲ್ಲಿ ವರದಿ ನೀಡಿದ ತರುವಾಯ, 1998ರಲ್ಲಿ ಆರಂಭವಾದ ಪ್ರಯತ್ನ ಮುಂದೆ ಹೆಸರು ಮತ್ತು ವ್ಯಾಪ್ತಿಗಳೆರಡನ್ನೂ ಬದಲಿಸಿಕೊಂಡು ಎಂಎಸ್‌ಇ-ಸಿಡಿಪಿ ಎಂಬ ಯೋಜನೆಯಾಯಿತು. ಒಂದೊಂದು ಘಟಕವೂ ಪ್ರತ್ಯೇಕವಾಗಿ ಕೊಳ್ಳಲಾರದ ಪರೀಕ್ಷಾಲಯ, ಸಂಸ್ಕರಣಾ ಯಂತ್ರ, ವಿನ್ಯಾಸ ಕೇಂದ್ರಗಳನ್ನು ಹಲವು ಘಟಕಗಳು ಕೂಡಿ ಹೊಂದುವ ‘ಸಾಮಾನ್ಯ ಸೌಲಭ್ಯ ಕೇಂದ್ರ’ ಈ ಯೋಜನೆಯ ಮುಖ್ಯ ಅಂಗ. ಅದನ್ನು ನಡೆಸಲು ಘಟಕಗಳು ಸೇರಿ ವಿಶೇಷ ಉದ್ದೇಶದ ಸಂಸ್ಥೆಯೊಂದನ್ನು, ಅಂದರೆ ವ್ಯವಹಾರದಲ್ಲಿ ಎಸ್‌ಪಿವಿ ಎಂದು ಕರೆಯುವುದನ್ನು, ರಚಿಸಿಕೊಳ್ಳಬೇಕು.

ಈ ಯೋಜನೆಯ ನಿಯಮಗಳನ್ನು ಗಮನವಿಟ್ಟು ಓದಿದರೆ ಅವುಗಳಲ್ಲಿಯೇ ಭಾಗೀದಾರರ ಪ್ರಶ್ನೆ ಅಡಗಿರುವುದು ಕಾಣುತ್ತದೆ. 2010ರ ಮಾರ್ಗಸೂಚಿಗಳು ಎಸ್‌ಪಿವಿಯಲ್ಲಿ ಕನಿಷ್ಠ 20 ಘಟಕಗಳು ಇರಬೇಕೆಂದೂ ಯಾವೊಂದು ಘಟಕವೂ ಶೇಕಡಾ 10ಕ್ಕಿಂತ ಹೆಚ್ಚು ಷೇರು ಹೊಂದಬಾರದೆಂದೂ ವಿಧಿಸಿದವು. ಹಣವಂತ ಘಟಕವೊಂದು ಉಳಿದವರ ಹೆಸರನ್ನು ಪಟ್ಟಿಗೆ ಸೇರಿಸಿ ಕೇಂದ್ರವನ್ನು ತನ್ನದಾಗಿಸಿಕೊಳ್ಳಬಾರದೆಂಬುದೇ ಇದರ ಆಶಯ. 2022ರ ಪರಿಷ್ಕೃತ ಮಾರ್ಗಸೂಚಿಗಳು ಸಾಮಾನ್ಯವಾಗಿ 5 ಕೋಟಿಯಿಂದ 10 ಕೋಟಿ ರೂಪಾಯಿವರೆಗಿನ ಕೇಂದ್ರಗಳಿಗೆ ವೆಚ್ಚದ ಶೇಕಡಾ 70ನ್ನೂ 10 ಕೋಟಿಯಿಂದ 30 ಕೋಟಿ ರೂಪಾಯಿವರೆಗಿನವಕ್ಕೆ ಶೇಕಡಾ 60ನ್ನೂ ಕೇಂದ್ರದ ಅನುದಾನವೆಂದು ನಿಗದಿಪಡಿಸಿದವು. ಎಂಟು ಕೋಟಿ ರೂಪಾಯಿಯ ಕೇಂದ್ರವೊಂದಕ್ಕೆ 5 ಕೋಟಿ 60 ಲಕ್ಷ ರೂಪಾಯಿ ಅನುದಾನವೆಂದರೆ ಉಳಿದ 2 ಕೋಟಿ 40 ಲಕ್ಷವನ್ನು ರಾಜ್ಯ ಸರ್ಕಾರ, ಸದಸ್ಯ ಘಟಕಗಳು, ಅಗತ್ಯವಿದ್ದಲ್ಲಿ ಬ್ಯಾಂಕು ಸೇರಿ ಹೊಂದಿಸಬೇಕು. ಅಷ್ಟೇ ಅಲ್ಲ. ಅನುದಾನ ಯಂತ್ರವನ್ನು ಕೊಡಿಸೀತು. ಅದರ ವಿದ್ಯುತ್ ಬಿಲ್ಲನ್ನಾಗಲಿ ನಿರ್ವಾಹಕನ ಸಂಬಳವನ್ನಾಗಲಿ ವರ್ಷವರ್ಷವೂ ಕೊಡದು. ಅದು ಬಳಕೆದಾರರ ಶುಲ್ಕದಿಂದಲೇ ಹುಟ್ಟಬೇಕು. ಆದ್ದರಿಂದ ಅನುದಾನ ನೀಡುವ ಸರ್ಕಾರ ಒಬ್ಬ ಭಾಗೀದಾರನಾದರೆ, ಕೇಂದ್ರದ ಬಾಗಿಲಿಗೆ ಕೆಲಸ ತರುವ ಸಣ್ಣ ಘಟಕ ಅದಕ್ಕಿಂತ ದೊಡ್ಡ ಭಾಗೀದಾರ.

ನೊಯ್ಯಲ್ ನದಿಯ ಪಾಠ

ಎಣಿಸದೆ ಬಿಟ್ಟ ಭಾಗೀದಾರರು ಏನು ಮಾಡಬಲ್ಲರೆಂಬುದಕ್ಕೆ ನೆರೆಯ ತಮಿಳುನಾಡಿನ ತಿರುಪ್ಪೂರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹೆಣೆದ ಹತ್ತಿಬಟ್ಟೆಯ ರಫ್ತಿಗೆ ಹೆಸರಾದ ಆ ನಗರದಲ್ಲಿ ಬಟ್ಟೆಗೆ ಬಣ್ಣ ಹಾಕುವ, ಬಿಳುಪು ಮಾಡುವ ಘಟಕಗಳು ನೂರಾರು. ಅವುಗಳಿಂದ ಹೊರಬೀಳುವ ನೀರು ಕಾವೇರಿಯ ಉಪನದಿಯಾದ ನೊಯ್ಯಲ್ ಸೇರುತ್ತಿತ್ತು. ಆ ನದಿಗೆ ಒರತ್ತುಪಾಳಯಂ ಎಂಬಲ್ಲಿ 1990ರ ದಶಕದ ಆರಂಭದಲ್ಲಿ ನೀರಾವರಿಗೆಂದು ಕಟ್ಟಿದ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಬಣ್ಣದ ಘಟಕಗಳ ಕೊಳೆನೀರಿನ ತೊಟ್ಟಿಯಾಗಿ ಮಾರ್ಪಟ್ಟಿತು. ಯಾವ ರೈತರಿಗಾಗಿ ಅಣೆ ಕಟ್ಟಲಾಗಿತ್ತೋ ಅದೇ ರೈತರು ನೀರು ಬಿಡಬೇಡಿರೆಂದು ಬೇಡಿಕೊಳ್ಳುವ ಸ್ಥಿತಿ ಒದಗಿತು.

ಬಣ್ಣದ ಘಟಕಗಳು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನು ಮರೆಯಬಾರದು. 1990ರ ದಶಕದಲ್ಲಿ ಅವು ಗುಂಪುಗುಂಪಾಗಿ ಸೇರಿ, ಸರ್ಕಾರದ ಸಹಾಯಧನವನ್ನೂ ಪಡೆದು, ಸಾಮೂಹಿಕ ತ್ಯಾಜ್ಯನೀರು ಸಂಸ್ಕರಣಾ ಘಟಕಗಳನ್ನು ಸ್ಥಾಪಿಸಿದವು. ಕಾಗದದ ಮೇಲೆ ಅದು ಯಶಸ್ವಿ ಸಾಮೂಹಿಕ ಯೋಜನೆ. ಆದರೆ ಆ ಸಂಸ್ಕರಣೆ ನೀರಿನ ಬಣ್ಣವನ್ನೂ ಕೆಸರನ್ನೂ ತಗ್ಗಿಸುತ್ತಿತ್ತೇ ಹೊರತು ನೀರಿನಲ್ಲಿ ಕರಗಿದ ಉಪ್ಪನ್ನು ತೆಗೆಯುತ್ತಿರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ನಿಂತು ನೋಡುವವರಿಗೆ ಬಣ್ಣವೇ ಸಮಸ್ಯೆ. ಕೆಳದಂಡೆಯ ಹೊಲದಲ್ಲಿ ನಿಂತವನಿಗೆ ಉಪ್ಪೇ ಸಮಸ್ಯೆ, ಏಕೆಂದರೆ ಭೂಮಿಯನ್ನೂ ಬಾವಿಯನ್ನೂ ಕೆಡಿಸಿದ್ದು ಉಪ್ಪು. ಯಂತ್ರದ ಆಯ್ಕೆಗೆ ಮುನ್ನ ಆ ಹೊಲದವನ ಅಹವಾಲೇ ಮೊದಲ ಮಾನದಂಡವಾಗಿದ್ದಲ್ಲಿ ಬೇರೆಯೇ ಯಂತ್ರ ಬೇಕೆಂಬುದು ಅಂದೇ ಸ್ಪಷ್ಟವಾಗುತ್ತಿತ್ತು.

ಆಮೇಲಿನದು ನ್ಯಾಯಾಲಯದ ಕಥೆ. ನೊಯ್ಯಲ್ ನದಿಯ ಅಚ್ಚುಕಟ್ಟುದಾರರ ರಕ್ಷಣಾ ಸಂಘ ಹೂಡಿದ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ 2006ರ ಡಿಸೆಂಬರ್‌ನಲ್ಲಿ ಒಂದು ಹನಿ ಕೊಳೆನೀರನ್ನೂ ಹೊರಬಿಡದ ವ್ಯವಸ್ಥೆಯನ್ನು ಗಡುವಿನೊಳಗೆ ಮಾಡಿಕೊಳ್ಳಬೇಕೆಂದು ಆದೇಶಿಸಿತು. ಘಟಕಗಳ ಮಾಲೀಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2009ರಲ್ಲಿ ಅಲ್ಲಿಯೂ ಅದರ ವಾದ ನಿಲ್ಲಲಿಲ್ಲ. 2011ರ ಜನವರಿಯಲ್ಲಿ ಹೈಕೋರ್ಟ್ ಘಟಕಗಳನ್ನು ಮುಚ್ಚಿಸಿ ವಿದ್ಯುತ್ ಸಂಪರ್ಕ ಕಡಿತಗೊಳಿಸಲು ಆದೇಶಿಸಿದಾಗ 700ಕ್ಕೂ ಹೆಚ್ಚು ಘಟಕಗಳು ನಿಂತವು. ರಫ್ತುದಾರರು ಬಟ್ಟೆಗೆ ಬಣ್ಣ ಹಾಕಿಸಲು ದೂರದ ಊರುಗಳಿಗೆ ಕಳುಹಿಸಬೇಕಾಯಿತು. ಕಾರ್ಮಿಕರು ಕೆಲಸ ಕಳೆದುಕೊಂಡರು. ಮುಂದೆ ಉಪ್ಪನ್ನೂ ನೀರನ್ನೂ ಬೇರ್ಪಡಿಸಿ ಮರುಬಳಸುವ ತಂತ್ರಜ್ಞಾನವನ್ನು ಅಳವಡಿಸಿಕೊಂಡ ಮೇಲೆಯೇ ಉದ್ಯಮ ಚೇತರಿಸಿತು. ಮೊದಲೇ ಮಾಡಬಹುದಾಗಿದ್ದ ಕೆಲಸವನ್ನು ಎರಡನೆಯ ಬಾರಿ, ಹೆಚ್ಚಿನ ಬೆಲೆ ತೆತ್ತು ಮಾಡಬೇಕಾಯಿತು.

ಈ ಪ್ರಕರಣದಿಂದ ಪರಿಸರದ ಪಾಠವನ್ನು ಮಾತ್ರ ಕಲಿತು ಸುಮ್ಮನಾಗುವುದು ಸಾಲದು. ಭಾಗೀದಾರರ ಪಟ್ಟಿ ಎಂಬುದು ಸೌಜನ್ಯದ ವಿಷಯವಲ್ಲ, ತಾಂತ್ರಿಕ ವಿಷಯ ಎಂಬುದು ಇದರ ನಿಜವಾದ ಪಾಠ. ಯಾರನ್ನು ಕೇಳಲಾಗುತ್ತದೆ ಎಂಬುದರ ಮೇಲೆ ಯಾವ ಯಂತ್ರ ಕೊಳ್ಳಬೇಕು ಎಂಬುದು ನಿರ್ಧಾರವಾಗುತ್ತದೆ.

ಫೌಂಡ್ರಿಯ ಮರಳಿಗೆ ಎಷ್ಟು ಜನ ಬಾಧ್ಯರು?

ಇದನ್ನು ಕರ್ನಾಟಕದ ನಿತ್ಯದ ವ್ಯವಹಾರಕ್ಕೆ ಹೊಂದಿಸಿ ನೋಡಬಹುದು. ಬೆಳಗಾವಿ, ಶಿವಮೊಗ್ಗಗಳಂತಹ ಊರುಗಳಲ್ಲಿ ಎರಕದ ಕೆಲಸ ಮಾಡುವ ಫೌಂಡ್ರಿಗಳಿವೆ. ಸಿಲಿಕಾ ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲಿನ ಪುಡಿ, ನೀರು ಬೆರೆಸಿಯೋ ರಾಳ ಬೆರೆಸಿಯೋ ಅಚ್ಚು ಮಾಡುತ್ತಾರೆ. ಮರಳನ್ನು ಹಲವು ಬಾರಿ ಬಳಸಬಹುದಾದರೂ ಒಂದು ಪಾಲು ಪ್ರತಿಸಲವೂ ಕೆಟ್ಟು ಹೊರಹೋಗಬೇಕು. ಇಂಥ ಮೂವತ್ತು ಫೌಂಡ್ರಿಗಳು ಸೇರಿ, ಬಳಸಿದ ಮರಳನ್ನು ಮತ್ತೆ ಬಳಕೆಗೆ ಯೋಗ್ಯವಾಗಿಸುವ ಸಾಮಾನ್ಯ ಕೇಂದ್ರವೊಂದಕ್ಕೆ ಅನುದಾನ ಕೋರುತ್ತವೆ ಎಂದು ಊಹಿಸಿಕೊಳ್ಳೋಣ. ಅವುಗಳ ಪ್ರಸ್ತಾವನೆಯಲ್ಲಿ ಯಾರ ಹೆಸರಿರಬೇಕು?

ಸಚಿವಾಲಯ, ಜಿಲ್ಲಾ ಕೈಗಾರಿಕಾ ಕೇಂದ್ರ, ಬ್ಯಾಂಕು, ಸಂಘ ಇಷ್ಟು ಹೆಸರುಗಳು ಯಾರಿಗಾದರೂ ಹೊಳೆಯುತ್ತವೆ. ಉಳಿದವರನ್ನು ಕಂಡುಕೊಳ್ಳಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು.

ಮೊದಲನೆಯದು, ಇದನ್ನು ಬಳಸುವವರು ಯಾರು? ಸಂಘದ ಅಧ್ಯಕ್ಷರ ಫೌಂಡ್ರಿಯಲ್ಲಿ ಸ್ವಂತ ಪುನರ್ಬಳಕೆ ಯಂತ್ರ ಆಗಲೇ ಇರಬಹುದು. ಅವರಿಗೆ ಕೇಂದ್ರ ಗೌರವದ ವಿಷಯವೇ ಹೊರತು ಅಗತ್ಯವಲ್ಲ. ನಿಜವಾದ ಬಳಕೆದಾರರು ದಿನಕ್ಕೆ ಒಂದೆರಡು ಟನ್ ಎರಕ ಹೊಯ್ಯುವ ಸಣ್ಣ ಘಟಕದವರು. ಜೇಡಿಮರಳಿನವರ ಅಗತ್ಯ ಬೇರೆ, ರಾಳದ ಮರಳಿನವರ ಅಗತ್ಯ ಬೇರೆ. ರಾಳವನ್ನು ಸುಟ್ಟು ತೆಗೆಯಲು ಶಾಖ ಬೇಕು, ಅಂದರೆ ಇಂಧನದ ಖರ್ಚು ಬೇಕು. ಮೂವತ್ತರಲ್ಲಿ ಎಷ್ಟು ಘಟಕಗಳು ಯಾವ ಬಗೆಯ ಮರಳು ಬಳಸುತ್ತವೆ, ಟನ್ನಿಗೆ ಎಷ್ಟು ಶುಲ್ಕ ಕೊಡಬಲ್ಲವು ಎಂಬುದನ್ನು ಕೇಳದೆ ಯಂತ್ರವನ್ನು ಆರಿಸಿದರೆ, ಅದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆಯೇ ಸರಿ.

ಎರಡನೆಯದು, ಇದನ್ನು ತಡೆಯಬಲ್ಲವರು ಯಾರು? 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಗಳ ಅಡಿ ಸಮ್ಮತಿ ನೀಡಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿ, ವಿದ್ಯುತ್ ಭಾರ ಮಂಜೂರು ಮಾಡಬೇಕಾದ ಎಸ್ಕಾಂ, ಸ್ಥಳೀಯ ಪಂಚಾಯಿತಿ ಅಥವಾ ನಗರಸಭೆ ಇವು ಕಾನೂನಿನ ಬಲದಿಂದ ತಡೆಯಬಲ್ಲವು. ಜಾಗದ ಪಕ್ಕದ ಬಡಾವಣೆಯವರು ಧೂಳಿನ ಭಯದಿಂದ ತಡೆಯಬಲ್ಲರು. ಇಷ್ಟು ದಿನ ಕೆಟ್ಟ ಮರಳನ್ನು ಟ್ರಾಕ್ಟರಿನಲ್ಲಿ ಹೊತ್ತು ಹಳ್ಳಕ್ಕೆ ಸುರಿದು ಜೀವನ ನಡೆಸುತ್ತಿದ್ದವರೂ ತಡೆಯಬಲ್ಲರು. ಕೇಂದ್ರ ಬಂದರೆ ಅವರ ಬಾಡಿಗೆ ತಪ್ಪುತ್ತದೆ. ಅವರ ಹೆಸರು ಯಾವ ಪ್ರಸ್ತಾವನೆಯಲ್ಲೂ ಸುಲಭಕ್ಕೆ ಕಾಣಸಿಗದು. ಆದರೆ ಘಟಕಗಳಿಂದ ಕೇಂದ್ರಕ್ಕೆ ಮರಳು ಸಾಗಿಸಲು ಅದೇ ಟ್ರಾಕ್ಟರುಗಳು ಬೇಕಾಗುತ್ತವೆ ಎಂಬುದನ್ನು ಮೊದಲೇ ಲೆಕ್ಕಹಾಕಿ ಅವರೊಂದಿಗೆ ದರ ಮಾತಾಡಿದರೆ, ವಿರೋಧಿಗಳಾಗಬೇಕಾದವರು ಯೋಜನೆಯ ಕೈಕಾಲುಗಳಾಗುತ್ತಾರೆ.

ಮೂರನೆಯದು, ಇದರ ಹೊರೆ ಹೊರುವವರು ಯಾರು? ಮರಳಿನ ರಾಶಿ ಬೀಳುವ ಹೊಲದ ಒಡೆಯ, ಬೇಸಗೆಯಲ್ಲಿ ಅದೇ ಧೂಳನ್ನು ಉಸಿರಾಡುವ ಕಾರ್ಮಿಕ, ಅವನ ಕುಟುಂಬ. ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಕಾಯಿಲೆ ಗುಣವಾಗದಂಥದು. ಕೇಂದ್ರದಲ್ಲಿ ಧೂಳು ಹೀರುವ ವ್ಯವಸ್ಥೆ ಇರಬೇಕೆಂದು ಮೊದಲು ಹೇಳುವವನು ಸಲಿಕೆ ಹಿಡಿದವನೇ. ಸಲಹೆಗಾರರ ವರದಿಯಲ್ಲಿ ಅದು ಖರ್ಚು ಕಡಿತದ ಮೊದಲ ಬಾಬ್ತಾಗಿ ಬಿಡುವ ಸಂಭವವೇ ಹೆಚ್ಚು.

ನಾಲ್ಕನೆಯದು, ಅನುದಾನ ಮುಗಿದ ಮೇಲೆ ಇದನ್ನು ನಡೆಸುವವರು ಯಾರು? ಎರಕ ಕೊಳ್ಳುವ ಪಂಪ್ ತಯಾರಕರೂ ವಾಹನ ಬಿಡಿಭಾಗಗಳ ಕಂಪನಿಗಳೂ ಮರುಬಳಕೆಯ ಮರಳಿನ ಅಚ್ಚನ್ನು ಒಪ್ಪದಿದ್ದರೆ ಯಾವ ಫೌಂಡ್ರಿಯೂ ಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ. ಕೊಳ್ಳುವವರ ಗುಣಮಟ್ಟ ವಿಭಾಗದ ಎಂಜಿನಿಯರನ್ನು ಪ್ರಾಯೋಗಿಕ ಹಂತದಲ್ಲಿಯೇ ಕರೆದು ತೋರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದರೆ, ಆ ಒಂದು ಹಾಳೆ ಶಾಸಕರ ಹತ್ತು ಪತ್ರಗಳಿಗಿಂತ ಹೆಚ್ಚು ತೂಗುತ್ತದೆ. ಹಾಗೆಯೇ ಮೂರು ವರ್ಷಗಳ ನಂತರವೂ ಯಂತ್ರ ದುರಸ್ತಿ ಮಾಡಬಲ್ಲ ಹುಡುಗರನ್ನು ತರಬೇತುಗೊಳಿಸುವ ಊರಿನ ಐಟಿಐ ಕೂಡ ಭಾಗೀದಾರನೇ.

ಬಲವೂ ಆಸಕ್ತಿಯೂ

ಇಷ್ಟು ಜನರನ್ನು ಏಕಕಾಲಕ್ಕೆ ಸಮಾಧಾನಪಡಿಸಲು ಯಾವ ಸಂಘಕ್ಕೂ ಬಿಡುವಿರುವುದಿಲ್ಲ. ಆದ್ದರಿಂದ ಆಡಳಿತಶಾಸ್ತ್ರದಲ್ಲಿ ಮೆಂಡೆಲೋ ಅವರ ಹೆಸರಿನಿಂದ ಪ್ರಸಿದ್ಧವಾದ ಸರಳ ಚೌಕವೊಂದು ಬಳಕೆಯಲ್ಲಿದೆ. ಒಂದು ಬದಿಗೆ ಯೋಜನೆಯ ಮೇಲೆ ಒಬ್ಬನಿಗಿರುವ ಬಲ, ಇನ್ನೊಂದು ಬದಿಗೆ ಅವನಿಗಿರುವ ಆಸಕ್ತಿ. ಎರಡೂ ಹೆಚ್ಚಿರುವವರೊಂದಿಗೆ ಹೆಜ್ಜೆಹೆಜ್ಜೆಗೂ ಸಮಾಲೋಚಿಸಬೇಕು. ಬಲವಿದ್ದು ಆಸಕ್ತಿ ಕಡಿಮೆಯಿರುವವರಿಗೆ ಅತೃಪ್ತಿಯಾಗದಂತೆ ನೋಡಿಕೊಳ್ಳಬೇಕು. ಆಸಕ್ತಿಯಿದ್ದು ಬಲವಿಲ್ಲದವರಿಗೆ ಮಾಹಿತಿ ತಲುಪಿಸುತ್ತಿರಬೇಕು. ಎರಡೂ ಕಡಿಮೆಯಿರುವವರ ಮೇಲೆ ಒಂದು ಕಣ್ಣಿಟ್ಟಿದ್ದರೆ ಸಾಕು.

ಈ ಚೌಕ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ತಿರುಪ್ಪೂರಿನಲ್ಲಿ 1990ರ ದಶಕದ ಆರಂಭದಲ್ಲಿ ಈ ಚೌಕ ಬರೆದಿದ್ದರೆ ಕೆಳದಂಡೆಯ ರೈತರು ಬಲಹೀನರ ಮನೆಯಲ್ಲಿ ಕುಳಿತಿರುತ್ತಿದ್ದರು. ಹತ್ತು-ಹದಿನೈದು ವರ್ಷಗಳಲ್ಲಿ ಅವರೇ ನ್ಯಾಯಾಲಯದ ಮೂಲಕ ಇಡೀ ನಗರದ ಬಣ್ಣದ ಉದ್ಯಮವನ್ನು ನಿಲ್ಲಿಸಬಲ್ಲವರಾದರು. ಬಲವೆಂಬುದು ಸ್ಥಿರವಾದ ಗುಣವಲ್ಲ. ನೊಂದವರಿಗೆ ಸಂಘಟನೆ, ದಾಖಲೆ, ವಕೀಲರು ದೊರೆತ ದಿನ ಅದು ಕೈ ಬದಲಿಸುತ್ತದೆ. ಮಿಚೆಲ್, ಏಗಲ್ ಮತ್ತು ವುಡ್ ಎಂಬ ಮೂವರು ವಿದ್ವಾಂಸರು 1997ರಲ್ಲಿ ಬಲದ ಜೊತೆಗೆ ಬೇಡಿಕೆಯ ನ್ಯಾಯಬದ್ಧತೆ ಮತ್ತು ತುರ್ತುಗಳನ್ನೂ ಅಳೆಯಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ ಮಹತ್ವದ್ದು. ಬೇಡಿಕೆ ನ್ಯಾಯವಾದದ್ದೂ ತುರ್ತಿನದೂ ಆಗಿದ್ದು ಬಲ ಮಾತ್ರ ಇಲ್ಲದವನನ್ನು ಗುರುತಿಸಿ ಮೊದಲೇ ಮಾತಾಡಿಸುವುದು ಧರ್ಮವೂ ಹೌದು, ವ್ಯವಹಾರ ಚಾತುರ್ಯವೂ ಹೌದು.

ಮನವೊಲಿಕೆ ಬೇರೆ, ವಶೀಲಿ ಬೇರೆ

ಪ್ರಭಾವ ಬೀರುವುದು ಎಂದೊಡನೆ ವ್ಯಾಪಾರ ವಲಯದಲ್ಲಿ ಮೊದಲು ನೆನಪಾಗುವುದು ವಶೀಲಿ. ಫೈಲು ಯಾವ ಮೇಜಿನ ಮೇಲಿದೆ, ಆ ಮೇಜಿನವರಿಗೆ ಹತ್ತಿರದವರು ಯಾರು ಎಂಬ ಹುಡುಕಾಟಕ್ಕೆ ವ್ಯಯವಾಗುವ ಶ್ರಮದ ಅರ್ಧದಷ್ಟನ್ನು ಬಳಕೆದಾರರ ಅಂಗಳಕ್ಕೆ ಹೋಗಿಬರಲು ವಿನಿಯೋಗಿಸಿದ್ದರೆ ಎಷ್ಟೋ ಕೇಂದ್ರಗಳ ಭವಿಷ್ಯ ಬೇರೆಯಾಗುತ್ತಿತ್ತು. ವಶೀಲಿಯಿಂದ ಮಂಜೂರಾತಿ ಬೇಗ ಬರಬಹುದು. ಯಂತ್ರಕ್ಕೆ ಕೆಲಸ ಬಾರದು. ಅಲ್ಲದೆ 2005ರ ಮಾಹಿತಿ ಹಕ್ಕು ಕಾಯ್ದೆಯ ತರುವಾಯ ಸರ್ಕಾರಿ ಕಡತ ಯಾರು ಬೇಕಾದರೂ ಕೇಳಿ ಪಡೆಯಬಹುದಾದ ದಾಖಲೆಯಾಗಿದೆ. ಸದಸ್ಯರೆಂದು ಪಟ್ಟಿಯಲ್ಲಿ ತೋರಿಸಿದ ಘಟಕದವರೇ ‘ನಮಗೆ ತಿಳಿದೇ ಇಲ್ಲ’ ಎಂದರೆ ಪ್ರಸ್ತಾವನೆಯ ಮಾನ ಹೋಗಲು ಅಷ್ಟು ಸಾಕು.

ಮನವೊಲಿಕೆಯ ದಾರಿ ಬೇರೆ. ಎದುರಿಗಿರುವವರಿಗೆ ನಿಜವಾಗಿ ಬೇಕಾದ್ದೇನೆಂದು ತಿಳಿದು, ಅದಕ್ಕೆ ಉತ್ತರವನ್ನು ಯೋಜನೆಯೊಳಗೇ ಇಡುವುದು ಮನವೊಲಿಕೆ. ಬ್ಯಾಂಕಿನ ವ್ಯವಸ್ಥಾಪಕರಿಗೆ ಬೇಕಾದದ್ದು ಭಾಷಣವಲ್ಲ. ತಿಂಗಳಿಗೆ ಎಷ್ಟು ಟನ್ ಕೆಲಸ ಖಚಿತ, ಕಂತು ಕಟ್ಟಲು ಅದು ಸಾಲುವುದೇ ಎಂಬ ಲೆಕ್ಕ. ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗೆ ಬೇಕಾದದ್ದು ನಾಳೆ ಲೆಕ್ಕಪರಿಶೋಧನೆಯಲ್ಲಿ ತಾನು ಉತ್ತರಿಸಬಲ್ಲ ಕಡತ. ಪಂಚಾಯಿತಿಯ ಸದಸ್ಯರಿಗೆ ಬೇಕಾದದ್ದು ಊರಿನ ಎಷ್ಟು ಯುವಕರಿಗೆ ಕೆಲಸ, ರಸ್ತೆಗೆ ಎಷ್ಟು ಲಾರಿ ಎಂಬ ಪ್ರಾಮಾಣಿಕ ಮಾಹಿತಿ. ಚಿಕ್ಕ ಘಟಕದ ಮಾಲೀಕನಿಗೆ ಬೇಕಾದದ್ದು ಕೇಂದ್ರದ ಸರದಿಯಲ್ಲಿ ದೊಡ್ಡವರ ಲಾರಿ ತನ್ನ ಗಾಡಿಯನ್ನು ಹಿಂದಕ್ಕೆ ತಳ್ಳುವುದಿಲ್ಲವೆಂಬ ಲಿಖಿತ ನಿಯಮ. ಇವುಗಳಲ್ಲಿ ಯಾವುದಕ್ಕೂ ಲಂಚವೂ ಬೇಡ, ಶಿಫಾರಸೂ ಬೇಡ. ನಾಲ್ಕು ಬಾರಿ ಹೋಗಿ ಕುಳಿತು ಕೇಳಿಸಿಕೊಳ್ಳುವ ತಾಳ್ಮೆ ಬೇಕು.

ಎರಡು ಆಕ್ಷೇಪಗಳು

ಈ ವಾದಕ್ಕೆ ಉದ್ಯಮಿಗಳಿಂದ ಎರಡು ಆಕ್ಷೇಪಗಳು ಬರುವುದು ಸಹಜ. ಅರ್ಜಿಯ ಗಡುವು ಕಾಯುವುದಿಲ್ಲ, ಇಷ್ಟೆಲ್ಲ ಓಡಾಟಕ್ಕೆ ಸಮಯವೆಲ್ಲಿ ಎಂಬುದು ಮೊದಲನೆಯದು. ಆಕ್ಷೇಪ ಸಕಾರಣವಾದುದೇ. ಸಣ್ಣ ಕೈಗಾರಿಕೆಯ ಮಾಲೀಕನೇ ಅದರ ಲೆಕ್ಕಿಗ, ಖರೀದಿದಾರ, ಕೆಲವೊಮ್ಮೆ ಫಿಟ್ಟರ್ ಕೂಡ. ಆದರೆ ಗಡುವು ಘೋಷಣೆಯಾದ ಮೇಲೆ ಈ ಕೆಲಸ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ಭಾಗೀದಾರರ ಪಟ್ಟಿ ಯೋಜನೆಯಿಂದ ಯೋಜನೆಗೆ ಪೂರ್ತಿಯಾಗಿ ಬದಲಾಗುವಂಥದಲ್ಲ. ಒಂದು ಕೈಗಾರಿಕಾ ವಸಾಹತು ಒಮ್ಮೆ ಸಿದ್ಧಪಡಿಸಿ ವರ್ಷಕ್ಕೊಮ್ಮೆ ತಿದ್ದಿಕೊಂಡರೆ ಎಲ್ಲ ಅರ್ಜಿಗಳಿಗೂ ಅದೇ ತಳಹದಿಯಾಗುತ್ತದೆ.

ಎಲ್ಲರನ್ನೂ ಕರೆದು ಕೇಳಿದರೆ ಇಲ್ಲದ ವಿರೋಧವನ್ನು ಎಬ್ಬಿಸಿದಂತಾಗದೇ ಎಂಬುದು ಎರಡನೆಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಭೆಗಳನ್ನು ಕಂಡು ಬೇಸತ್ತವರ ಮಾತಿದು. ಆದರೆ ಕೇಳಿದ್ದರಿಂದ ವಿರೋಧ ಹುಟ್ಟುವುದು ಅಪರೂಪ. ಇದ್ದದ್ದು ಬೆಳಕಿಗೆ ಬರುತ್ತದೆ ಅಷ್ಟೇ. ಸಾಮೂಹಿಕ ತ್ಯಾಜ್ಯ ಸಂಸ್ಕರಣೆಯಂತಹ ಅನೇಕ ಬಗೆಯ ಯೋಜನೆಗಳನ್ನು 2006ರ ಪರಿಸರ ಪರಿಣಾಮ ಅಧಿಸೂಚನೆ ತನ್ನ ವ್ಯಾಪ್ತಿಗೆ ತಂದಿತು. ಆ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ಅಗತ್ಯವಾದಾಗ ಜನ ಹೇಗೂ ಬಂದೇ ಬರುತ್ತಾರೆ. ಅವರ ಪ್ರಶ್ನೆಯನ್ನು ಅಂದು ಧ್ವನಿವರ್ಧಕದಲ್ಲಿ ಮೊದಲ ಬಾರಿಗೆ ಕೇಳುವುದಕ್ಕಿಂತ ಆರು ತಿಂಗಳು ಮುಂಚೆ ಅವರ ಜಗಲಿಯ ಮೇಲೆ ಕುಳಿತು ಕೇಳುವುದು ಅಗ್ಗ. ವಿನ್ಯಾಸ ಕಾಗದದ ಮೇಲಿರುವಾಗ ತಿದ್ದಲು ಬೇಕಾದದ್ದು ಪೆನ್ಸಿಲ್; ಕಾಂಕ್ರೀಟ್ ಹಾಕಿದ ಮೇಲೆ ಬೇಕಾಗುವುದು ಹೊಸ ಸಾಲ.

ವಾಣಿಜ್ಯ ಮಂಡಳಿಗಳ ಹೊಣೆ

ಈ ಬದಲಾವಣೆ ಎಲ್ಲಿಂದ ಆರಂಭವಾಗಬೇಕು? ಸರ್ಕಾರ ಮಾರ್ಗಸೂಚಿ ತಿದ್ದಲೆಂದು ಕಾಯುತ್ತ ಕೂರುವ ಅಗತ್ಯವಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ವಾಣಿಜ್ಯ ಮಂಡಳಿ ಸ್ಥಾಪನೆಯಾದಾಗ, ವರ್ತಕರ ಮತ್ತು ಕೈಗಾರಿಕೋದ್ಯಮಿಗಳ ಅಭಿಪ್ರಾಯವನ್ನು ಒಗ್ಗೂಡಿಸಿ ಸರ್ಕಾರದ ಮುಂದಿಡುವ ವೇದಿಕೆ ಬೇಕೆಂಬುದು ಅದರ ಹಿಂದಿನ ಆಲೋಚನೆಯಾಗಿತ್ತು. ಬೆಂಬಲ ಪತ್ರ ನೀಡುವಾಗ ಮಂಡಳಿಗಳು ಮಾಡುವುದೂ ಇದೇ ಕೆಲಸವೇ. ಆದರೆ ಕೇಳಿದವರಿಗೆಲ್ಲ ಒಂದೇ ಒಕ್ಕಣೆಯ ಪತ್ರ ಕೊಡುವ ರೂಢಿಯಿಂದ ಆ ಪತ್ರಕ್ಕೆ ಬೆಲೆಯಿಲ್ಲದಂತಾಗಿದೆ. ಬೆಲೆಯಿಲ್ಲದ ಪತ್ರ ಕೊಡುವ ಸಂಸ್ಥೆಯ ಮಾತಿಗೂ ಕ್ರಮೇಣ ಬೆಲೆ ಇರುವುದಿಲ್ಲ.

ಆದ್ದರಿಂದ ರಾಜ್ಯದ ಜಿಲ್ಲಾ ವಾಣಿಜ್ಯ ಮಂಡಳಿಗಳು ಒಂದು ಶಿಸ್ತನ್ನು ತಾವೇ ವಿಧಿಸಿಕೊಳ್ಳುವುದು ಯುಕ್ತ. ಸಾಮೂಹಿಕ ಅನುದಾನದ ಯಾವುದೇ ಪ್ರಸ್ತಾವನೆಗೆ ಬೆಂಬಲ ಪತ್ರ ಕೇಳಿ ಬಂದವರಿಂದ ಒಂದೇ ಹಾಳೆಯ ತಖ್ತೆಯೊಂದನ್ನು ಕೇಳಬೇಕು. ಅದರ ಐದು ಅಂಕಣಗಳಲ್ಲಿ ಇಷ್ಟಿದ್ದರೆ ಸಾಕು: ಭಾಗೀದಾರರು ಯಾರು, ಅವರಿಗೆ ಆಗುವ ಲಾಭ ಅಥವಾ ಹಾನಿ ಏನು, ಅವರನ್ನು ಯಾವ ದಿನ, ಎಲ್ಲಿ ಭೇಟಿಯಾಗಲಾಯಿತು, ಅವರು ಹೇಳಿದ್ದೇನು, ಆ ಮಾತಿನಿಂದ ಯೋಜನೆಯಲ್ಲಿ ಬದಲಾದದ್ದೇನು. ಐದನೆಯ ಅಂಕಣವೇ ಈ ತಖ್ತೆಯ ಜೀವ. ಅದು ಪೂರ್ತಿ ಖಾಲಿಯಿದ್ದರೆ ಭೇಟಿಗಳು ಹೆಸರಿಗಷ್ಟೇ ನಡೆದವೆಂದು ತಿಳಿಯಬೇಕು. ಅಂಥ ಪ್ರಸ್ತಾವನೆಯನ್ನು ಮಂಡಳಿ ವಿನಯದಿಂದಲೇ ಹಿಂತಿರುಗಿಸಬೇಕು.

ಮೊದಲ ವರ್ಷ ಇದರಿಂದ ಕೆಲವರಿಗೆ ಅಸಮಾಧಾನವಾದೀತು. ಮಂಡಳಿಯ ಪದಾಧಿಕಾರಿಗಳ ಸ್ನೇಹಿತರ ಅರ್ಜಿಯೇ ಹಿಂತಿರುಗಬೇಕಾಗಿ ಬರಬಹುದು. ಆದರೆ ಹೀಗೆ ಪರಿಶೀಲಿಸಿ ಕೊಟ್ಟ ಪತ್ರವೆಂದು ಬ್ಯಾಂಕುಗಳಿಗೂ ಇಲಾಖೆಗಳಿಗೂ ಒಮ್ಮೆ ಮನವರಿಕೆಯಾದರೆ, ವಾಣಿಜ್ಯ ಮಂಡಳಿಯ ಮೊಹರು ಮತ್ತೆ ತೂಕ ಪಡೆಯುತ್ತದೆ. ವಶೀಲಿಯಿಲ್ಲದ ಸಣ್ಣ ಊರಿನ ಸಣ್ಣ ಸಂಘಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಅನುದಾನವೆಂದರೆ ಬಿಟ್ಟಿ ಬಂದ ಹಣವಲ್ಲ. ಅದನ್ನು ತೆರಿಗೆಯಾಗಿ ಕೊಟ್ಟವರಲ್ಲಿ ಫೌಂಡ್ರಿಯ ಸಲಿಕೆಯವನೂ ಕೆಳದಂಡೆಯ ರೈತನೂ ಟ್ರಾಕ್ಟರಿನ ಚಾಲಕನೂ ಇದ್ದಾರೆ. ಡೀಸೆಲ್, ಸೋಪು, ಬೆಂಕಿಪೊಟ್ಟಣಗಳ ಮೇಲೆ ಅವರು ತೆತ್ತ ತೆರಿಗೆಯ ಪಾಲು ಪ್ರತಿ ಯಂತ್ರದಲ್ಲೂ ಇದೆ. ಆ ಅರ್ಥದಲ್ಲಿ ಅವರು ಭಾಗೀದಾರರಷ್ಟೇ ಅಲ್ಲ, ಪಾಲುದಾರರೂ ಹೌದು. ಕಾಲುವೆಯ ಕಟ್ಟಕಡೆಯ ಗದ್ದೆಯನ್ನು ಎಣಿಸಿದ ಮೇಲೆಯೇ ತೂಬು ಎತ್ತುತ್ತಿದ್ದ ನೀರುಗಂಟಿಯ ವಿವೇಕ ಪ್ರಸ್ತಾವನೆ ಬರೆಯುವವರಿಗೂ ಬಂದರೆ, ಮುಂದಿನ ಹತ್ತು ವರ್ಷಗಳಲ್ಲಿ ಬೀಗ ಬಿದ್ದ ಕೇಂದ್ರಗಳ ಬದಲು ಓಡುವ ಯಂತ್ರಗಳ ಸದ್ದು ಕೈಗಾರಿಕಾ ವಸಾಹತುಗಳಲ್ಲಿ ಕೇಳಿಸೀತು.